ಅಲ್ ಬಾಹಾದ ಹಳದಿ ಎಲೆಗಳು, ಉಮ್ಮನ ಹದಿನೈದನೇ ತಾರೀಕು

ಅಲ್ ಖರ್ಜ್, ನಮ್ಮ ಮನೆ

ಆ ಸಂಜೆ ಸೌದಿಯ ನಮ್ಮ ಮನೆಯಲ್ಲಿ ನಾಲ್ಕು ಜನ ಇದ್ದೆವು. ಹೊರಕೋಣೆಯಲ್ಲಿ ನನ್ನ ಗಂಡ ಅಲ್ತಾಫ್ ಮತ್ತು ಅವನ ಹಾಲಿನ ಕಾರ್ಖಾನೆಯ ಜೊತೆಗಾರ ಸಯೀದ್. ಪರದೆಯ ಈಚೆ ಅಡುಗೆಮನೆಯಲ್ಲಿ ನಾನು ಮತ್ತು ಊರಿನಿಂದ ಬಂದಿದ್ದ ನನ್ನ ತಾಯಿ, ಉಮ್ಮ. ಹೊಟ್ಟೆಯೊಳಗಿನ ಆರು ತಿಂಗಳಿನದ್ದನ್ನೂ ಸೇರಿಸಿದರೆ ಐದು. ಉಮ್ಮ ಒಂದೊಂದೇ ನೀರುದೋಸೆ ಮಡಚಿ ಪರದೆಯ ಸಂದಿಯಿಂದ ಹೊರಗೆ ದಾಟಿಸುತ್ತಿದ್ದರು, ಬಟ್ಟಲು ಖಾಲಿಯಾಗಿ ವಾಪಸು ಬರುತ್ತಿತ್ತು. ಆರನೆಯ ಸಲ ದೋಸೆಯ ಬಟ್ಟಲಿನ ಜೊತೆ ಸಯೀದನ ಫೋನೂ ಬಂತು. ಅದರಲ್ಲಿ ಒಂದು ಫೋಟೊ: ಕಲ್ಲು ಕಟ್ಟಿದ ಮೆಟ್ಟಿಲು ಮೆಟ್ಟಿಲು ಗದ್ದೆ, ಅದರ ತುಂಬ ಹಳದಿ ಮರಗಳು. ಅಂಥ ಹಳದಿಯನ್ನು ನಾನು ಅರಿಶಿನ ಅರೆದ ಕಲ್ಲಿನ ಮೇಲೆ ಬಿಟ್ಟರೆ ಬೇರೆಲ್ಲೂ ಕಂಡಿರಲಿಲ್ಲ. ಅಲ್ ಬಾಹಾದ ಬೆಟ್ಟದ ಮೇಲೆ ಅವನ ಅಪ್ಪ ನೆಟ್ಟ ದಾಳಿಂಬೆ ತೋಟವಂತೆ. ಚಳಿ ಶುರುವಾಗುವಾಗ ಎರಡು ವಾರ ಹೀಗಿರುತ್ತದಂತೆ, ಆಮೇಲೆ ಎಲ್ಲ ಬೋಳಂತೆ.

ಉಮ್ಮ ಬಂದ ದಿನದಿಂದ ಕೇಳುತ್ತಲೇ ಇದ್ದರು, ನಿನಗೆ ಎಂತ ಬೇಕೆನಿಸುತ್ತದೆ ಎಂದು. ಬಸುರಿಯ ಬಯಕೆ ತೀರಿಸದಿದ್ದರೆ ಹುಟ್ಟುವ ಮಗುವಿನ ಕಿವಿ ಸೋರುತ್ತದೆ ಎಂದು ನಮ್ಮ ಅಜ್ಜಿ ಹೆದರಿಸುತ್ತಿದ್ದರು, ಉಮ್ಮ ಈಗಲೂ ಹೆದರುತ್ತಾರೆ. ನನಗೆ ಮಾವಿನಕಾಯಿಯೂ ಬೇಡ, ಮಾಂಜಿ ಮೀನೂ ಬೇಡ. ಫೋನು ತೋರಿಸಿ ಇದು ಬೇಕು ಎಂದೆ.

ಉಮ್ಮ ಫೋಟೊವನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದರು. "ಎಲೆಯಾ? ಎಲೆ ಗುಡಿಸಿ ಗುಡಿಸಿ ನನ್ನ ಸೊಂಟ ಹೋದದ್ದು. ಇನ್ನು ಎಲೆ ನೋಡ್ಲಿಕ್ಕೆ ಎಂಟುನೂರು ಕಿಲೋಮೀಟರ್ ಹೋಗ್ಬೇಕಾ?"

ಆದರೂ ಬಯಕೆ ಬಯಕೆಯೇ. ಹಾಗೆ ನಮ್ಮ ಯೋಜನೆ ಶುರುವಾಯಿತು. ಭಯವೂ ಅಲ್ಲಿಂದಲೇ ಶುರುವಾಯಿತು.

ಉಮ್ಮ ಬಂದದ್ದು ಭೇಟಿ ವೀಸಾದಲ್ಲಿ. ತೊಂಬತ್ತು ದಿನ ಇರಬಹುದು, ಅಷ್ಟರೊಳಗೆ ದೇಶದಿಂದ ಹೊರಗೆ ಹೋಗಿ ಬಂದರೆ ಮತ್ತೆ ತೊಂಬತ್ತು. ಇಲ್ಲಿಯವರೆಲ್ಲ ಅದಕ್ಕೆ ಬಹ್ರೇನಿನ ಸೇತುವೆಗೆ ಹೋಗುತ್ತಾರೆ. ಸಮುದ್ರ ದಾಟಿ, ಆ ಕಡೆ ಒಂದು ಚಾ ಕುಡಿದು, ಕಾರು ತಿರುಗಿಸಿ ಬರುವುದು. ಉಮ್ಮನ ಕೊನೆಯ ದಿನ ಜಮಾದುಲ್ ಅವ್ವಲ್ ಹದಿನೈದು ಎಂದು ಅಲ್ತಾಫನ ಫೋನಿಗೆ ಹಿಜರಿ ತಾರೀಕಿನಲ್ಲಿ ಸಂದೇಶ ಬಂದಿತ್ತು. ನಮ್ಮ ಮನೆಯಲ್ಲಿ ಹಿಜರಿ ತಾರೀಕು ಎಂದರೆ ಉಮ್ಮನ ಇಲಾಖೆ. ಅವರು ಊರಿನಿಂದ ಸುರುಳಿ ಸುತ್ತಿ ತಂದ ಕ್ಯಾಲೆಂಡರು ಫ್ರಿಜ್ಜಿನ ಪಕ್ಕ ನೇತಾಡುತ್ತಿತ್ತು. ಅದರಲ್ಲಿ ಅರಬಿ ತಿಂಗಳ ಹದಿನೈದು ಯಾವ ಚೌಕದಲ್ಲಿದೆ ಎಂದು ಹುಡುಕಿ, ಸೋಮವಾರದ ಸುತ್ತ ಕೆಂಪು ಪೆನ್ನಿನಲ್ಲಿ ಗೆರೆ ಎಳೆದರು.

ಮೊದಲು ಸೇತುವೆಗೆ ಹೋಗಿ ಬರೋಣ, ಆಮೇಲೆ ಎಲೆ ನೋಡೋಣ ಎಂದು ನಾನು ಹೇಳಿದ್ದೆ. ಅಲ್ತಾಫ್ ಕೇಳಲಿಲ್ಲ. ಮೊದಲೇ ದಾಟಿದರೆ ಹೊಸ ತೊಂಬತ್ತು ದಿನವೂ ಮೊದಲೇ ಮುಗಿಯುತ್ತದೆ, ಸರಿಯಾಗಿ ಹೆರಿಗೆಯ ಹೊತ್ತಿಗೆ ಉಮ್ಮನನ್ನು ಮತ್ತೆ ಸೇತುವೆಗೆ ಓಡಿಸಬೇಕಾಗುತ್ತದೆ, ಒಂದು ದಿನವೂ ಪೋಲು ಮಾಡಬಾರದು ಎಂದ. ಗುರುವಾರ ಹೊರಡುವುದು, ಭಾನುವಾರ ವಾಪಸು, ಸೋಮವಾರ ಸೇತುವೆ. ಈ ದೇಶದಲ್ಲಿ ಇರುವ ನಮ್ಮವರೆಲ್ಲ ಹೀಗೆ ದಿನಗಳನ್ನು ಕೊನೆಯ ಹನಿಯವರೆಗೆ ಹಿಂಡುತ್ತೇವೆ. ನನಗೂ ಅದು ಸರಿಯೆನಿಸಿತು.

ತಾಯಿಫ್ ದಾರಿ

ರಿಯಾದ್ ದಾಟಿದ ಮೇಲೆ ದಾರಿ ಒಂದು ಗೆರೆ. ಬಲಕ್ಕೆ ಏನೂ ಇಲ್ಲ, ಎಡಕ್ಕೂ ಏನೂ ಇಲ್ಲ. ಊರಿನಲ್ಲಿ ಐದು ನಿಮಿಷಕ್ಕೊಮ್ಮೆ ಒಂದು ಪೇಟೆ, ಒಂದು ಸೇತುವೆ, ಅಡ್ಡ ಬರುವ ಒಂದು ಆಡು ಇಲ್ಲದೆ ರಸ್ತೆಯೇ ಇಲ್ಲ. ಇಲ್ಲಿ ಒಂಟೆಗಳ ಬೇಲಿ ನೋಡಿದರೆ ಜನ ಕಂಡಷ್ಟು ಖುಷಿ. ಉಮ್ಮ ಹಿಂದಿನ ಸೀಟಿನಲ್ಲಿ ಕುಳಿತು, ಬೇಲಿ ಹಾರುವ ಒಂಟೆ ಉಂಟಾ ಎಂದು ಅಲ್ತಾಫನನ್ನು ಕೇಳುತ್ತಲೇ ಇದ್ದರು. ಅವನು ಹನ್ನೊಂದು ವರ್ಷದಿಂದ ಚಪ್ಪಟೆ ನೆಲದಲ್ಲೇ ಕಾರು ಓಡಿಸಿದವನು. ನನಗೆ ಒಂಟೆಯ ಭಯ ಇರಲಿಲ್ಲ. ಮುಂದೆ ಬರಲಿರುವ ಬೆಟ್ಟದ ಭಯ ಇತ್ತು.

ದಾರಿಯಲ್ಲಿ ಪೊಲೀಸರ ತಪಾಸಣೆ ಕಂಡಾಗಲೆಲ್ಲ ಮೂವರೂ ಮಾತು ನಿಲ್ಲಿಸುತ್ತಿದ್ದೆವು. ಇಲ್ಲಿ ಇರಲು ಬೇಕಾದ ಗುರುತಿನ ಚೀಟಿ ಇಕಾಮಾ ಜೇಬಿನಲ್ಲಿದೆ, ಕಾರಿನ ಕಾಗದ ಸರಿ ಇದೆ, ಯಾವ ತಪ್ಪೂ ಮಾಡಿಲ್ಲ. ಆದರೂ ಆ ಕಿತ್ತಳೆ ಡಬ್ಬಗಳ ನಡುವೆ ಕಾರು ನಿಧಾನವಾಗುವಾಗ ಅಲ್ತಾಫ್ ಜೇಬು ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿದ್ದ. ಹೊರಗಿನಿಂದ ಬಂದವರಿಗೆ ಅದು ಇಲ್ಲಿ ಅಂಟಿಕೊಂಡ ಒಂದು ರೋಗ. ಪೊಲೀಸರು ಕೈ ಬೀಸಿದ ಮೇಲೆ ಉಮ್ಮ ಒಂದು ಬನ್ಸ್ ಮುರಿದು ಎಲ್ಲರಿಗೂ ಕೊಡುತ್ತಿದ್ದರು.

ತಾಯಿಫಿನಲ್ಲಿ ಉಳಿದ ಸಂಜೆ ಉಮ್ಮ ಕಿಟಕಿಯ ಹತ್ತಿರ ನಿಂತು ಚಂದ್ರನನ್ನು ನೋಡಿ, ಹನ್ನೊಂದರ ಚಂದ್ರನಿಗೆ ಇಷ್ಟು ಮೈ ಹೇಗೆ ಬಂತು ಎಂದರು. ಮರುಭೂಮಿಯ ಗಾಳಿಯಲ್ಲಿ ಧೂಳು ಇರುವುದರಿಂದ ದೊಡ್ಡದಾಗಿ ಕಾಣುತ್ತದೆ ಎಂದು ನಾನು ದೊಡ್ಡ ವಿಜ್ಞಾನಿಯ ಹಾಗೆ ಉತ್ತರ ಕೊಟ್ಟೆ.

ಮಂಜು, ಮಂಗ, ತೋಟ

ಶುಕ್ರವಾರ ಮಧ್ಯಾಹ್ನ ಬೆಟ್ಟದ ನೆತ್ತಿಯ ಮೇಲಿನ ದಾರಿಯಲ್ಲಿ ಮಂಜು ಇಳಿಯಿತು. ಇಳಿಯಿತು ಎನ್ನುವುದು ಸರಿಯಲ್ಲ, ಕಣಿವೆಯಿಂದ ಮೇಲಕ್ಕೆ ಎದ್ದು ಬಂತು. ಐದು ನಿಮಿಷದಲ್ಲಿ ಕಾರಿನ ಮೂತಿಯೇ ಕಾಣದಾಯಿತು. ಎಲ್ಲ ಕಾರುಗಳೂ ದೀಪ ಮಿನುಗಿಸುತ್ತ ಇರುವೆ ಸಾಲಿನ ಹಾಗೆ ಹರಿದವು. ಅಲ್ತಾಫ್ ಸ್ಟಿಯರಿಂಗಿಗೆ ಎದೆ ತಾಗುವಷ್ಟು ಮುಂದೆ ಬಾಗಿದ್ದ. ಯಾರೂ ಮಾತಾಡಬೇಡಿ ಎಂದು ಅವನು ಹೇಳಿದ, ಯಾರೂ ಮಾತಾಡುತ್ತಿರಲಿಲ್ಲ. ಉಮ್ಮನ ತುಟಿ ಮಾತ್ರ ಆಡುತ್ತಿತ್ತು. ನಾನು ಎರಡೂ ಕೈಯನ್ನು ಹೊಟ್ಟೆಯ ಮೇಲೆ ಇಟ್ಟುಕೊಂಡು, ಒಳಗಿನದು ಒದೆಯುವುದನ್ನು ಕಾಯುತ್ತಿದ್ದೆ. ಅದೂ ಹೆದರಿ ಸುಮ್ಮನಾಗಿತ್ತು.

ಒಂದು ತಿರುವಿನಲ್ಲಿ ನಿಲ್ಲಿಸಿ ಗಾಜು ಇಳಿಸಿದ್ದೇ ತಡ, ಮಂಜಿನೊಳಗಿಂದ ಒಂದು ಕೈ ಬಂತು. ಬೂದು ರೋಮದ ಕೈ. ಉಮ್ಮನ ಮಡಿಲಿನ ಬನ್ಸ್ ಪೊಟ್ಟಣ ಹೊರಟೇ ಹೋಯಿತು. ರಸ್ತೆಯ ಗೋಡೆಯ ಮೇಲೆ ನಾಯಿ ಮೂತಿಯ ಮಂಗಗಳ ದೊಡ್ಡ ಕುಟುಂಬ ಕುಳಿತಿತ್ತು. ಊರಿನ ಮಂಗ ಕದ್ದರೆ ಓಡುತ್ತದೆ. ಇದು ನಮ್ಮ ಎದುರೇ ಕುಳಿತು, ಪೊಟ್ಟಣ ಬಿಡಿಸಿ, ಮರಿಗೆ ಒಂದು ಕೊಟ್ಟು ತಾನು ಒಂದು ತಿಂದಿತು. ಮರಿಗೆ ಕೊಟ್ಟದ್ದು ನೋಡಿ ಉಮ್ಮನ ಕೋಪ ಅರ್ಧ ಇಳಿಯಿತು.

ರಜೆ ಹಾಕಿ ನಮಗಿಂತ ಮೊದಲೇ ಊರಿಗೆ ಬಂದಿದ್ದ ಸಯೀದನ ಮನೆ ತಲುಪುವಾಗ ರಾತ್ರಿಯ ಇಶಾ ನಮಾಜೂ ಮುಗಿದಿತ್ತು. ಅವನ ತಾಯಿ ಉಮ್ಮು ಸಯೀದ್ ನನ್ನ ಹೊಟ್ಟೆ ನೋಡಿದವರೇ ನನ್ನನ್ನು ಎಲ್ಲರಿಗಿಂತ ಮೊದಲು ಒಳಗೆ ಎಳೆದುಕೊಂಡು ಹೋಗಿ, ಬೆನ್ನಿಗೆ ಮೂರು ದಿಂಬು ಕೊಟ್ಟರು. ಅವರಿಗೆ ನಮ್ಮ ಮಾತು ಬಾರದು, ಉಮ್ಮನಿಗೆ ಅರಬಿ ಬಾರದು. ನನಗೆ ಬರುವುದು ಅಂಗಡಿಯ ಅರಬಿ. ಆದರೂ ಅರ್ಧ ಗಂಟೆಯಲ್ಲಿ ಇಬ್ಬರು ಮುದುಕಿಯರೂ ತಮ್ಮ ತಮ್ಮ ಮೊಣಕಾಲು ಮುಟ್ಟಿ ತೋರಿಸಿಕೊಂಡು ಗೆಳತಿಯರಾಗಿದ್ದರು.

ಶನಿವಾರ ಬೆಳಿಗ್ಗೆ ಮಂಜು ಸರಿಯಿತು. ನಾನು ಅಂಗಳಕ್ಕೆ ಬಂದವಳು ಹಾಗೇ ನಿಂತೆ. ಮನೆಯ ಕೆಳಗಿನಿಂದ ಕಣಿವೆಯ ತಳದವರೆಗೆ ಕಲ್ಲಿನ ಮೆಟ್ಟಿಲುಗಳಲ್ಲಿ ದಾಳಿಂಬೆ ಮರಗಳು, ಒಂದೊಂದು ಎಲೆಯೂ ಹಳದಿ. ಬಿಸಿಲು ಎಲೆಯ ಮೇಲೆ ಬೀಳುತ್ತಿರಲಿಲ್ಲ, ಎಲೆಯಿಂದಲೇ ಏಳುತ್ತಿತ್ತು. ನಡುವೆ ಅಂಜೂರದ ಅಗಲ ಎಲೆಗಳು ಅಂಚಿನಲ್ಲಿ ಕಂದು ಬಣ್ಣವಾಗಿದ್ದವು. ದ್ರಾಕ್ಷಿ ಬಳ್ಳಿ ಕಬ್ಬಿಣದ ತುಕ್ಕಿನ ಬಣ್ಣಕ್ಕೆ ತಿರುಗಿತ್ತು. ಕೊಯ್ಯದೆ ಬಿಟ್ಟ ಕೆಲವು ಹಣ್ಣು ಬಿರಿದು ನೇತಾಡುತ್ತಿದ್ದವು. ನಮ್ಮ ಕರಾವಳಿಯಲ್ಲಿ ಒಂದು ಮರ ಎಲೆ ಉದುರಿಸುವಾಗ ಪಕ್ಕದ್ದು ಚಿಗುರುತ್ತಿರುತ್ತದೆ. ಇಡೀ ಬೆಟ್ಟ ಒಟ್ಟಿಗೆ ಹಣ್ಣಾಗುವುದನ್ನು ನಾನು ನೋಡಿದ್ದು ಅದೇ ಮೊದಲು. ಹೊಟ್ಟೆಯಲ್ಲಿ ಜೋರಾಗಿ ಒಂದು ಒದೆ ಬಿತ್ತು. ಬಯಕೆ ತೀರಿತು ಎಂದುಕೊಂಡೆ.

ಹಿಂದಿರುಗಿ ನೋಡಿದರೆ ಉಮ್ಮ ಎಲ್ಲಿಂದಲೋ ಒಂದು ಪೊರಕೆ ಹುಡುಕಿ ಅಂಗಳದ ಎಲೆ ಗುಡಿಸಲು ಶುರು ಮಾಡಿದ್ದರು. ಉಮ್ಮು ಸಯೀದ್ ಓಡಿ ಬಂದು ಪೊರಕೆ ಕಸಿದುಕೊಂಡರು. ಎಲೆ ಬಿದ್ದಲ್ಲೇ ಇರಬೇಕು, ಆಡುಗಳಿಗೆ ಬೇಕು, ಮಣ್ಣಿಗೆ ಬೇಕು ಎಂದು ಕೈಸನ್ನೆಯಲ್ಲಿ ತಿಳಿಸಿದರು. ಉಮ್ಮನಿಗೆ ಕೈ ಎಲ್ಲಿಡುವುದೆಂದೇ ತಿಳಿಯಲಿಲ್ಲ.

ಮೂರು ಬೆರಳು, ಒಂದು ಬೆರಳು

ಅರಬಿ ತಿಂಗಳ ಹದಿಮೂರು, ಹದಿನಾಲ್ಕು, ಹದಿನೈದು, ಈ ಮೂರು ದಿನ ಉಮ್ಮ ಉಪವಾಸ ಹಿಡಿಯುತ್ತಾರೆ. ಪ್ರಯಾಣದಲ್ಲಿ ಬಿಡಬಹುದು, ಅವರು ಬಿಡುವವರಲ್ಲ. ಶನಿವಾರ ಅವರ ಲೆಕ್ಕದಲ್ಲಿ ಹದಿಮೂರು. ಉಮ್ಮು ಸಯೀದ್ ಕೂಡ ಅಂದು ಏನೂ ತಿನ್ನಲಿಲ್ಲ. ಇಬ್ಬರೂ ಹಸಿದುಕೊಂಡು ದಿನವಿಡೀ ನನಗೆ ತಿನ್ನಿಸಿದರು. ಒಬ್ಬರ ಉಪವಾಸ ಇನ್ನೊಬ್ಬರಿಗೆ ಗೊತ್ತಾಗಿ ಇಬ್ಬರಿಗೂ ಸಂತೋಷವಾಗಿತ್ತು.

ಸಂಜೆ ಬಾಂಗ್ ಆಯಿತು. ಗಂಡಸರು ಹೊರಗಿನ ಕೋಣೆಯಲ್ಲಿ, ನಾವು ಮೂವರು ಹೆಂಗಸರು ಒಳಗೆ. ಖರ್ಜೂರ ಬಾಯಿಗಿಟ್ಟು ನೀರು ಕುಡಿದ ಮೇಲೆ ಉಮ್ಮು ಸಯೀದ್ ಮೂರು ಬೆರಳು ಎತ್ತಿ ತೋರಿಸಿ, ಕೈ ಕೊಡವಿ, ಮುಗಿಯಿತು ಎಂಬಂತೆ ನಿಟ್ಟುಸಿರು ಬಿಟ್ಟರು. ಉಮ್ಮ ನಗುತ್ತಾ ತಲೆಯಾಡಿಸಿ ಒಂದು ಬೆರಳು ಎತ್ತಿದರು. ಇವತ್ತು ಮೊದಲನೆಯದು. ಉಮ್ಮು ಸಯೀದ್ ತಾವೇ ಉಮ್ಮನ ಇನ್ನೆರಡು ಬೆರಳನ್ನೂ ಬಿಡಿಸಿ ಎತ್ತಿದರು. ಉಮ್ಮ ಮತ್ತೆ ಮಡಚಿದರು. ಇಬ್ಬರೂ ಚಿಕ್ಕ ಹುಡುಗಿಯರ ಹಾಗೆ ಸ್ವಲ್ಪ ಹೊತ್ತು ಬೆರಳಿನಲ್ಲಿ ಜಗಳವಾಡಿದರು. ಆಮೇಲೆ ಉಮ್ಮು ಸಯೀದ್ ಎದ್ದು ಹೋಗಿ ಗೋಡೆಯ ತಾರೀಕಿನ ಹಾಳೆ ತಂದು ಮುಂದಿಟ್ಟರು. ಹದಿನೈದು.

ಉಮ್ಮನ ಬೆರಳು ಹಾಗೇ ನಿಂತಿತು. ನಗು ಮುಖದಿಂದ ಇಳಿಯಲು ಎಷ್ಟು ಹೊತ್ತು ಬೇಕಾಯಿತೆಂದು ನಾನು ನೋಡಿದೆ.

ಗಲ್ಫಿನಲ್ಲಿ ಚಂದ್ರ ಊರಿಗಿಂತ ಮೊದಲು ಕಾಣುತ್ತದೆ. ನಮ್ಮ ಕರಾವಳಿಯ ಯಾವ ಮನೆಯಲ್ಲಿ ಕೇಳಿದರೂ ಇದು ಗೊತ್ತು. ಗಲ್ಫಿನವರು ಹಬ್ಬದ ಬಿರಿಯಾನಿ ಒಂದು ದಿನ ಮುಂಚೆಯೇ ತಿಂದು ಫೋಟೊ ಕಳಿಸುತ್ತಾರೆ ಎಂದು ಪ್ರತಿ ವರ್ಷ ತಮಾಷೆ ಮಾಡುತ್ತೇವೆ. ಆ ತಿಂಗಳು ವ್ಯತ್ಯಾಸ ಎರಡು ದಿನದ್ದಾಗಿತ್ತು. ಹಬ್ಬಕ್ಕೆ ನೆನಪಿರುವುದು ಬೇರೆ ತಿಂಗಳಲ್ಲಿ ನೆನಪಾಗುವುದಿಲ್ಲ. ಸೌದಿಯ ಹದಿನೈದನ್ನು ನಾವು ಊರಿನ ಕ್ಯಾಲೆಂಡರಿನಲ್ಲಿ ಹುಡುಕಿದ್ದೆವು.

"ಈ ದಿನವೇ ನನ್ನ ದಿನ," ಎಂದರು ಉಮ್ಮ. "ಬಾಂಗ್ ಆಯ್ತಲ್ಲ. ಅದೂ ಮುಗೀತು."

ಹಳಬರ ಲೆಕ್ಕದಲ್ಲಿ ದಿನ ಬದಲಾಗುವುದು ಸೂರ್ಯ ಮುಳುಗುವ ಮಗ್ರಿಬಿಗೆ. ನಾನು ಓಡಿ ಹೋಗಿ ಪರದೆಯ ಈಚೆಯಿಂದ ಅಲ್ತಾಫನನ್ನು ಕರೆದೆ. ಅವನು ಫೋನು ತೆಗೆದು ನೋಡಿದ, ಎರಡನೇ ಸಲ ನೋಡಿದ, ಮೂರನೇ ಸಲ ನೋಡಿ ಸಯೀದನ ಕೈಗೆ ಕೊಟ್ಟ. ಸರಕಾರದ ದಿನ ಮುಗಿಯುವುದು ಮಧ್ಯರಾತ್ರಿಗೆ, ಇನ್ನೂ ಸಮಯ ಉಂಟು ಎಂದು ಸಯೀದ್ ಧೈರ್ಯ ಹೇಳಿದ. ಆದರೆ ಸೇತುವೆಗೆ ಹದಿಮೂರು ಗಂಟೆಯ ದಾರಿ. ಜಿದ್ದಾದಿಂದ ವಿಮಾನ ಹತ್ತಿಸೋಣವೆಂದು ಸಯೀದ್ ಯಾರಿಗೋ ಫೋನು ಮಾಡಿದ. ಕೆಳಗಿಳಿಯುವ ಘಾಟಿಯನ್ನು ಮಂಜಿನಿಂದಾಗಿ ಮುಚ್ಚಿದ್ದಾರೆ ಎಂದು ಉತ್ತರ ಬಂತು. ಕಿಟಕಿಯ ಹೊರಗೂ ಮಂಜು ಮತ್ತೆ ಎದ್ದಿತ್ತು. ತೋಟ ಕಾಣುತ್ತಿರಲಿಲ್ಲ.

ಉಮ್ಮ ನಮಾಜಿಗೆ ನಿಂತರು. ಅಂದು ಅವರು ಹಣೆ ನೆಲಕ್ಕೆ ಊರಿದ ಸುಜೂದಿನಿಂದ ಏಳಲು ತುಂಬ ಹೊತ್ತು ತೆಗೆದುಕೊಂಡರು.

ಹಿಂದಿರುಗುವ ದಾರಿ

ಭಾನುವಾರ ಬೆಳಕು ಹರಿದ ಕೂಡಲೇ ಹೊರಟೆವು. ಉಮ್ಮು ಸಯೀದ್ ಕಾರಿನ ಗಾಜಿನೊಳಗೆ ಕೈ ಹಾಕಿ ಉಮ್ಮನ ಕೆನ್ನೆ ಹಿಡಿದುಕೊಂಡು ಏನೋ ಹೇಳಿದರು. ಅಲ್ತಾಫ್ ಅನುವಾದ ಮಾಡಲಿಲ್ಲ, ಉಮ್ಮ ಕೇಳಲೂ ಇಲ್ಲ.

ಹೋಗುವಾಗ ತಪಾಸಣೆಯ ಭಯಕ್ಕೆ ಕಾರಣ ಇರಲಿಲ್ಲ. ಈಗ ಕಾರಣ ಹಿಂದಿನ ಸೀಟಿನಲ್ಲಿ ಬಿಳಿ ದುಪ್ಪಟ್ಟಿ ಹೊದ್ದು ಕುಳಿತಿತ್ತು. ತಾಯಿಫ್ ದಾಟಿದ ಮೇಲೆ ಒಂದು ಕಡೆ ಪೊಲೀಸು ಗಾಜು ಇಳಿಸಲು ಹೇಳಿದ. ಅಲ್ತಾಫನ ಇಕಾಮಾ ನೋಡಿದ, ನನ್ನದು ನೋಡಿದ, ಬಗ್ಗಿ ಉಮ್ಮನನ್ನು ನೋಡಿದ. ಉಮ್ಮ ತಮ್ಮ ಚೀಲದ ಜಿಪ್ಪು ತೆರೆದು ಪಾಸ್‌ಪೋರ್ಟು ಹೊರಗೆ ತೆಗೆಯುತ್ತಿದ್ದರು. ನಾನು ಅವರ ಕೈ ಹಿಡಿದೆ. ಹಿಂದೆ ಒಂದು ಲಾರಿ ಹಾರ್ನ್ ಹೊಡೆಯಿತು. ಪೊಲೀಸು ಯಲ್ಲಾ ಎಂದು ಕೈ ಬೀಸಿದ. ಒಂದು ಕಿಲೋಮೀಟರು ಹೋದ ಮೇಲೆ ಅಲ್ತಾಫ್ ಕಾರು ನಿಲ್ಲಿಸಿ ಹೊರಗೆ ಹೋಗಿ ವಾಂತಿ ಮಾಡಿದ.

ಅಲ್ಲಿಯೇ, ಬಯಲಿನಲ್ಲಿ ಕಾರಿಗೆ ಒರಗಿ ನಿಂತು, ಅವನು ಮನಸ್ಸಿನಲ್ಲಿದ್ದುದನ್ನು ಹೇಳಿದ. ಸೇತುವೆಗೆ ಹೋಗುವುದೇ ಬೇಡ. ಅವಧಿ ಮೀರಿ ಹೊರಗೆ ಹೋದವರನ್ನು ಮತ್ತೆ ಒಳಗೆ ಬಿಡದೆ ಇರಬಹುದು. ಉಮ್ಮ ಮನೆಯೊಳಗೇ ಇರಲಿ, ಹೆರಿಗೆ ಆಗಲಿ, ನಲವತ್ತು ದಿನದ ಬಾಣಂತನ ಕಳೆಯಲಿ. ಆಮೇಲೆ ಏನು ದಂಡ ಬರುತ್ತದೋ ಕಟ್ಟಿ ಊರಿಗೆ ಕಳಿಸೋಣ. ಹಾಗೆ ಮಾಡಿದವರು ಇದ್ದಾರೆ. ನನಗೂ ಅದೇ ಬೇಕಿತ್ತು. ಪರದೇಶದಲ್ಲಿ ಮೊದಲ ಹೆರಿಗೆಗೆ ಉಮ್ಮ ಇಲ್ಲದೆ ನಾನು ಹೇಗೆ ಇರುವುದು ಎಂಬ ಒಂದೇ ಯೋಚನೆ ನನ್ನ ತಲೆಯಲ್ಲಿತ್ತು.

ಉಮ್ಮ ಕಾರಿನೊಳಗಿಂದಲೇ ಕೇಳಿಸಿಕೊಂಡರು.

"ಬಾಗಿಲು ಬಡಿದಾಗಲೆಲ್ಲ ನಾನು ಮಂಚದಡಿ ಹೋಗ್ಬೇಕಾ ಅಲ್ತಾಫ್? ನಿನ್ನ ಹೆಸರಲ್ಲಿ ಬಂದವಳು ನಾನು. ನಾಳೆ ನಿನ್ನ ಕೆಲಸ ಹೋದ್ರೆ ಆ ಮಗು ಎಂತ ತಿನ್ನುದು?"

"ಯಾರಿಗೂ ಗೊತ್ತಾಗುದಿಲ್ಲ ಉಮ್ಮ."

"ನನಗೆ ಗೊತ್ತುಂಟಲ್ಲ ಮಾರಾಯ."

ಅಲ್ತಾಫ್ ಬಾಯಿ ತೊಳೆದುಕೊಂಡು ಕಾರು ಹತ್ತಿದ, ಸೇತುವೆಗೇ ಹೋಗುವುದೆಂದಾಯಿತು.

ಬಹ್ರೇನಿನ ಸೇತುವೆ

ಸೋಮವಾರ ಬೆಳಿಗ್ಗೆ ಅಲ್ ಖರ್ಜಿನಿಂದ ಹೊರಡುವಾಗ ಉಮ್ಮ ಒಂದು ಚಿಕ್ಕ ಚೀಲ ಮಾತ್ರ ಹಿಡಿದರು. ದೊಡ್ಡ ಪೆಟ್ಟಿಗೆ ಕಟ್ಟಿದರೆ ಅಪಶಕುನ ಎಂದು ಅವರು ಹೇಳಲಿಲ್ಲ, ನಾನು ಊಹಿಸಿದೆ. ಆದರೆ ಕಾರು ದಾರಿ ಹಿಡಿದದ್ದೇ ಅವರು ಬಾಣಂತನದ ಪಾಠ ಶುರು ಮಾಡಿದರು. ಮೆಂತೆ ಎಷ್ಟು ನೆನೆಸಬೇಕು, ಬೆಳ್ಳುಳ್ಳಿಯ ಮದ್ದಿಗೆ ಬೆಲ್ಲದ ಪಾಕ ಎಷ್ಟು ಗಟ್ಟಿ ಬರಬೇಕು, ಮಗುವಿನ ನೆತ್ತಿಗೆ ಎಣ್ಣೆ ಒತ್ತುವಾಗ ಯಾವ ಬೆರಳು.

"ಬರೆದುಕೋ," ಎಂದರು.

ಬರೆಯುವುದಿಲ್ಲ ಎಂದೆ. ಸಂಜೆ ವಾಪಸು ಬರುವವರು ಈಗ ಯಾಕೆ ಹೇಳಬೇಕು ಎಂದು ಸಿಡುಕಿದೆ. ಅವರು ಮತ್ತೆ ಮೊದಲಿನಿಂದ ಹೇಳಿದರು. ನಾನು ಕಿಟಕಿಯ ಕಡೆ ಮುಖ ಮಾಡಿ ಕುಳಿತೆ. ಬರೆದರೆ ಅದು ನಿಜವಾಗುತ್ತದೆ ಎಂಬ ಭಯ.

ಹೊರಹೋಗುವ ಕಟ್ಟೆಯಲ್ಲಿ ಇದ್ದವನು ಚಿಕ್ಕ ಪ್ರಾಯದ ಅಧಿಕಾರಿ. ಕಂಪ್ಯೂಟರಿನ ಪರದೆ ನೋಡಿ, ಯಾಕೆ ತಡ ಎಂದು ಕೇಳಿದ. ಕಾಯಿಲೆ ಎಂದು ಹೇಳುವುದೆಂದು ಅಲ್ತಾಫ್ ದಾರಿಯಲ್ಲಿ ಯೋಚಿಸಿದ್ದ. ಉಮ್ಮ ಅವನ ತೋಳು ಹಿಡಿದು, ಕ್ಯಾಲೆಂಡರಿನ ಸಂಗತಿಯನ್ನೇ ಹೇಳು ಎಂದರು. ಅವನು ತಡವರಿಸುತ್ತಾ ಹೇಳಿದ. ನಿಮ್ಮ ಊರಿಗೆ ಬೇರೆ ಚಂದ್ರನಾ ಎಂದು ಕೇಳಿ ಅಧಿಕಾರಿ ನಕ್ಕ. ಒಳಗೆ ಹೋಗಿ ಹಿರಿಯರನ್ನು ಕೇಳಿಕೊಂಡು ಬಂದ. ದಂಡ ಕಟ್ಟಿಸಿಕೊಂಡ. ಪಾಸ್‌ಪೋರ್ಟು ಕೊಡುವಾಗ ಉಮ್ಮನನ್ನು ಹಜ್ಜಾ ಎಂದು ಗೌರವದಿಂದ ಕರೆದು, ಹೊರಗೆ ಹೋಗಲು ತೊಂದರೆ ಇಲ್ಲ, ಒಳಗೆ ಬರುವುದು ನನ್ನ ಕೈಯಲ್ಲಿಲ್ಲ ಎಂದ.

ಆ ಕಡೆ ಹೋಗಿ ಚಾ ಕುಡಿದೆವು. ಚಾ ಹೇಗಿತ್ತೋ ಗೊತ್ತಿಲ್ಲ. ಸುತ್ತ ಮೂರೂ ಕಡೆ ನೀಲಿ ಸಮುದ್ರ ಇತ್ತು. ಉಮ್ಮ ಅದನ್ನು ನೋಡಿ, ಅಲೆಯೇ ಇಲ್ಲದ ಇದೂ ಒಂದು ಕಡಲಾ ಎಂದರು. ಕಾರು ತಿರುಗಿಸಿ ಬಂದೆವು. ಒಳಬರುವ ಕಟ್ಟೆಯವನು ಕಂಪ್ಯೂಟರಿನಲ್ಲಿ ಎರಡು ಸಲ ಒತ್ತಿ ನೋಡಿದ, ಪಕ್ಕದವನನ್ನು ಕರೆದು ತೋರಿಸಿದ. ಆಮೇಲೆ ಉಮ್ಮನ ಪಾಸ್‌ಪೋರ್ಟನ್ನು ಮಾತ್ರ ಬೇರೆಯಾಗಿ ತೆಗೆದು, ಮುಚ್ಚಿ, ಅಲ್ತಾಫನಿಗೆ ಕೊಟ್ಟ. ಊರಿಗೆ ಹೋಗಿ ಹೊಸ ವೀಸಾ ಮಾಡಿಸಬೇಕು ಎಂದ. ಕಾರನ್ನು ಮತ್ತೆ ಬಹ್ರೇನಿನ ಕಡೆಗೇ ತಿರುಗಿಸಿದೆವು.

ಆ ಸಂಜೆಯ ವಿಮಾನದಲ್ಲಿ ಉಮ್ಮ ಬಹ್ರೇನಿನಿಂದ ಮಂಗಳೂರಿಗೆ ಹೋದರು. ವಿಮಾನ ನಿಲ್ದಾಣದಲ್ಲಿ ನಾನು ಅತ್ತೆ. ಅವರು ಅಳಲಿಲ್ಲ. ನನ್ನ ಚೀಲದಿಂದ ಆಸ್ಪತ್ರೆಯ ಚೀಟಿ ತೆಗೆದು, ಅದರ ಹಿಂದೆ ಅಲ್ತಾಫನ ಕೈಯಲ್ಲಿ ಮೆಂತೆ, ಬೆಳ್ಳುಳ್ಳಿ, ಎಣ್ಣೆ ಎಲ್ಲವನ್ನೂ ಬರೆಯಿಸಿದರು.

ಹೊಸ ವೀಸಾದ ಅರ್ಜಿಗೆ ಉತ್ತರ ಬರುವ ಮೊದಲೇ, ಫೆಬ್ರವರಿಯಲ್ಲಿ ಮಗಳು ಹುಟ್ಟಿದಳು. ಅಕ್ಟೋಬರಿನಲ್ಲಿ ಅವಳನ್ನು ಊರಿಗೆ ಕರೆದುಕೊಂಡು ಹೋದೆವು. ಎಂಟು ತಿಂಗಳ ಮಗು ಉಮ್ಮನನ್ನು ಕಂಡು ಅತ್ತು ನನ್ನ ಕುತ್ತಿಗೆ ಹಿಡಿದುಕೊಂಡಿತು. ಉಮ್ಮ ಎತ್ತಿಕೊಳ್ಳಲು ಹೋಗಲಿಲ್ಲ. ಎರಡು ದಿನ ಮಗು ಇದ್ದ ಕೋಣೆಯಲ್ಲೇ ಸ್ವಲ್ಪ ದೂರದಲ್ಲಿ ಕುಳಿತು ಸೊಪ್ಪು ಬಿಡಿಸುತ್ತಿದ್ದರು, ಅದರ ಕಡೆ ನೋಡುತ್ತಲೂ ಇರಲಿಲ್ಲ. ಮೂರನೇ ದಿನ ಬೆಳಿಗ್ಗೆ ಮಗಳು ತೆವಳಿಕೊಂಡು ಹೋಗಿ ಅವರ ಮೊಣಕಾಲು ಹಿಡಿದು ಎದ್ದು ನಿಂತಳು. ಉಮ್ಮ ಸೊಪ್ಪಿನ ಮೊರ ಬದಿಗಿಟ್ಟರು. ನನಗೆ ಎಣ್ಣೆ ತಂದುಕೊಟ್ಟು ಬಚ್ಚಲಿನ ಹಂಡೆಯಲ್ಲಿ ನೀರು ಕಾಯಿಸಲು ಹೇಳಿದರು.